ಡಾಕ್ಟರಮ್ಮನ ಹಗೆ

ಸಿಟ್ಟು ಬಂದಾಗ ಡಾಕ್ಟರಮ್ಮನ ಎಡಗೆನ್ನೆಯಲ್ಲಿ, ಕಿವಿಯ ಬುಡಕ್ಕಿಂತ ಸ್ವಲ್ಪ ಕೆಳಗೆ, ಒಂದು ನರ ಮಿಡಿಯಲು ಶುರುವಾಗುತ್ತಿತ್ತು. ಮುಖದ ಉಳಿದ ಭಾಗವೆಲ್ಲ ಕಲ್ಲಿನ ಹಾಗೆ ಅಲುಗದೆ ಇರುತ್ತಿತ್ತು. ಅದೊಂದು ಮಾತ್ರ ಬಲೆಗೆ ಬಿದ್ದ ಮೀನಿನ ಹಾಗೆ ಚರ್ಮದ ಒಳಗೇ ಹೊರಳುತ್ತಿತ್ತು. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಕಚೇರಿಯ ಜನ ಫೈಲು ಹಿಡಿದು ಅವರ ಕೋಣೆಗೆ ಹೋಗುವಾಗ ಮೊದಲು ಬಾಗಿಲಲ್ಲೇ ನಿಂತು ಆ ಕೆನ್ನೆಯನ್ನು ನೋಡುತ್ತಿದ್ದರು. ನರ ಮಿಡಿಯುತ್ತಿದ್ದರೆ ಫೈಲನ್ನು ಬೆನ್ನ ಹಿಂದೆ ಹಿಡಿದುಕೊಂಡು, ಏನೋ ಮರೆತವರ ಹಾಗೆ ವಾಪಸಾಗುತ್ತಿದ್ದರು.

ಅವರು ಆಗ ತಿ. ನರಸೀಪುರದಲ್ಲಿ ತಾಲ್ಲೂಕಿನ ಆರೋಗ್ಯಾಧಿಕಾರಿ. ನಾನು ಅದೇ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ನೋಡಿಕೊಳ್ಳುವವಳು. ಬಿಸಿಎ ಮುಗಿಸಿದ್ದೆ. ಬಿಳಿಗೆರೆ ಹತ್ತಿರದ ನಮ್ಮೂರಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅವರ ಮನೆ ಇದ್ದದ್ದು ನಂಜನಗೂಡಿನಲ್ಲಿ. ಹುಟ್ಟಿದ್ದು ಬದನವಾಳಿನ ಕಡೆ. ಅವರ ತಾಯಿ ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದರಂತೆ. ‘ನಮ್ಮವ್ವ ನೂತ ನೂಲಲ್ಲಿ ಗಂಟು ಹುಡುಕಿ ಕೊಟ್ಟೋರು ಇಲ್ಲ’ ಎಂದು ಹೇಳುವಾಗ ಅವರ ಮುಖದಲ್ಲಿ ಬೇರೆಲ್ಲೂ ಕಾಣದ ಒಂದು ಮೆದುತನ ಬರುತ್ತಿತ್ತು. ಎತ್ತರದ ಹೆಂಗಸು. ಸದಾ ಹತ್ತಿಯ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಸೀರೆಗೆ ಶೂ ಯಾಕೆ ಎಂದು ಯಾರಾದರೂ ನಕ್ಕರೆ, ‘ಗದ್ದೆ ಬದುವಿನ ಮೇಲೆ ನೀವೂ ಬನ್ನಿ, ಆಮೇಲೆ ನಗೋಣ’ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವರಿಗೆ ಮರೆವು ಎಂಬುದೇ ಇರಲಿಲ್ಲ. ಅಂದರೆ, ತಮಗೆ ಯಾರಾದರೂ ಮಾಡಿದ್ದನ್ನು ಅವರು ಮರೆಯುತ್ತಿರಲಿಲ್ಲ. ನಮ್ಮಜ್ಜಿಗೆ ನಾನು ಡಾಕ್ಟರಮ್ಮನ ಮನೆಯಲ್ಲಿ ಊಟ ಮಾಡುತ್ತೇನೆಂದು ಗೊತ್ತಾದಾಗ ಮನೆಯಲ್ಲಿ ದೊಡ್ಡ ರಂಪವಾಗಿತ್ತು. ಅಜ್ಜಿ ಲಿಂಗಪೂಜೆ ಮಾಡದೆ ನೀರು ಮುಟ್ಟದವರು. ‘ಅವರ ಮನೇಲಿ ಉಣ್ಣೋವಷ್ಟು ಬಂತಾ?’ ಎಂದು ಅತ್ತಿದ್ದರು. ನಾನು ತಿಳಿಗೇಡಿಯಂತೆ ಅದನ್ನು ನಗುನಗುತ್ತಾ ಡಾಕ್ಟರಮ್ಮನ ಮುಂದೆ ಹೇಳಿದೆ. ಅವರೂ ನಕ್ಕರು. ಕೆನ್ನೆಯ ನರ ಮಾತ್ರ ಮಿಡಿಯಿತು.

ಆಮೇಲೆ ಒಂದು ದಿನ ಅಜ್ಜಿಗೆ ಬಿಪಿ ಏರಿ ತಲೆಸುತ್ತು ಬಂತು. ಭಾನುವಾರ, ಬೇರೆ ಡಾಕ್ಟರು ಸಿಗಲಿಲ್ಲ. ನಂಜನಗೂಡಿಗೇ ಕರೆದುಕೊಂಡು ಹೋದೆ. ಡಾಕ್ಟರಮ್ಮ ಅಜ್ಜಿಯನ್ನು ತಮ್ಮ ಮಂಚದ ಮೇಲೆ ಮಲಗಿಸಿ, ಮುಕ್ಕಾಲು ಗಂಟೆ ಕೂತು ನೋಡಿದರು. ಕಣ್ಣು, ಕಾಲು, ಎದೆ ಎಲ್ಲ. ರಕ್ತ ತೆಗೆದರು. ಕೊನೆಗೆ ಮಾತ್ರೆ ಕೈಗಿಟ್ಟು ಕೇಳಿದರು.

‘ಬೆಳಗ್ಗೆ ಏನು ತಿಂದ್ರಿ ಅಜ್ಜಿ?’

‘ಏನೂ ಇಲ್ಲ ಕನವ್ವ. ರಕ್ತ ತೆಗೀತಾರೆ ಅಂದ್ಲು ಇವ್ಳು.’

‘ರಕ್ತ ತೆಗೆದಾಯ್ತಲ್ಲ. ಈ ಮಾತ್ರೆ ಖಾಲಿ ಹೊಟ್ಟೆಗೆ ನುಂಗಂಗಿಲ್ಲ. ಇಡ್ಲಿ ಮಾಡಿದೀನಿ, ತಿಂದು ನುಂಗಿ.’

ಅಜ್ಜಿ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಡಾಕ್ಟರಮ್ಮ ತಟ್ಟೆ ತಂದು ತೊಡೆಯ ಮೇಲಿಟ್ಟು, ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಅಜ್ಜಿ ತಿಂದರು. ‘ಚಟ್ನಿ ಹೆಂಗಿದೆ?’ ಎಂದರು ಡಾಕ್ಟರಮ್ಮ. ‘ಚೆಂದಾಗದೆ ಕನವ್ವ’ ಎಂದರು ಅಜ್ಜಿ. ‘ಹಾಗಾದ್ರೆ ಇನ್ನೊಂದು’ ಎಂದು ಬಡಿಸಿದರು. ನಾವು ಹೊರಡುವಾಗ ಗೇಟಿನ ಹತ್ತಿರ ನನ್ನ ಕಿವಿಯಲ್ಲಿ ಹೇಳಿದರು, ‘ಆ ಮಾತ್ರೆ ಖಾಲಿ ಹೊಟ್ಟೇಲೂ ನುಂಗಬಹುದು ಕೂಸೇ.’

ಅವರ ಹಗೆಯೆಂದರೆ ಇಂಥದ್ದು. ಅದರಲ್ಲಿ ಔಷಧಿಯೂ ಇರುತ್ತಿತ್ತು. ಆದರೆ ಈಗ ಹೇಳಹೊರಟಿರುವ ಹಗೆ ಇಡ್ಲಿ ತಿನ್ನಿಸಿ ಮುಗಿಯುವಂಥದ್ದಾಗಿರಲಿಲ್ಲ.

ನಮ್ಮ ಕಡೆಯ ಕೆಲವು ತಾಲ್ಲೂಕುಗಳಿಗೆ ಪ್ರಯೋಗಕ್ಕೆಂದು ಖಾಸಗಿ ಸಂಸ್ಥೆಯೊಂದರ ಹೊಸ ತಂತ್ರಾಂಶ ಬಂತು. ಮಗು ಹುಟ್ಟಿದ ದಿನ ಅದರಲ್ಲಿ ಸೇರಿಸಿದರೆ ಸಾಕು, ಯಾವ ಲಸಿಕೆ ಯಾವತ್ತು ಎಂದು ಅದೇ ಲೆಕ್ಕ ಹಾಕಿ, ಅಂದಂದಿನ ಮಕ್ಕಳ ಪಟ್ಟಿಯನ್ನು ನರ್ಸ್‌ಗಳ ಟ್ಯಾಬ್‌ಗೆ ಕಳಿಸುತ್ತಿತ್ತು. ಅದನ್ನು ರೂಪಿಸಿದವನನ್ನು ನಾವೆಲ್ಲ ಡೈರೆಕ್ಟರ್ ಎನ್ನುತ್ತಿದ್ದೆವು. ಕನ್ನಡ ಚೆನ್ನಾಗಿ ಬಲ್ಲ, ನಯವಾಗಿ ಮಾತಾಡುವ, ನಡುವಯಸ್ಸಿನ ಬೆಂಗಳೂರಿನವನು. ತರಬೇತಿಗೆ ಬಂದಾಗ ಡಾಕ್ಟರಮ್ಮನ ಕೋಣೆಯಲ್ಲಿ ಕೂತು ಟೀ ಕುಡಿದ. ಊರು ಯಾವುದೆಂದು ವಿಚಾರಿಸಿದ. ಡಾಕ್ಟರಮ್ಮ ಎಂದಿನ ಹೆಮ್ಮೆಯಲ್ಲಿ ತಾಯಿಯ ನೂಲಿನ ಕಥೆ ಹೇಳಿದರು. ‘ವಾಹ್ ಮೇಡಂ, ಎಲ್ಲಿಂದ ಎಲ್ಲಿಗೆ ಬಂದಿದೀರಿ’ ಎಂದ.

ಕೆಲವೇ ತಿಂಗಳಲ್ಲಿ ನಮ್ಮ ತಾಲ್ಲೂಕಿನ ನಕ್ಷೆ ಪರದೆಯ ಮೇಲೆ ಪೂರ್ತಿ ಹಸಿರಾಯಿತು, ಅಂದರೆ ಯಾವ ಲಸಿಕೆಯೂ ಬಾಕಿ ಇಲ್ಲ. ಮೇಲಿನವರಿಂದ ಶಹಬ್ಬಾಸ್‌ಗಿರಿ ಬಂತು. ಡಾಕ್ಟರಮ್ಮ ಮಾತ್ರ ಆ ಹಸಿರನ್ನು ಬಹಳ ಹೊತ್ತು ನೋಡಿ, ‘ನಾಲೆ ನೀರು ಬಿಟ್ಟಾಗಲೂ ನಮ್ಮ ಗದ್ದೆ ಇಷ್ಟು ಹಸಿರಾಗಿರಲ್ಲ ಕಣೇ. ಏನೋ ಸರಿ ಇಲ್ಲ’ ಎಂದರು. ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗುವ ಮನೆಗಳ ಮಕ್ಕಳನ್ನು ಹುಡುಕು ಎಂದರು. ಹುಡುಕಿದೆ. ಆ ಮಕ್ಕಳು ಹುಟ್ಟಿನ ನೋಂದಣಿಯಲ್ಲಿ ಇದ್ದರು, ಅವರ ಹೆಸರು ಮುಂದೆ ಬರಬೇಕಾದ ಪಟ್ಟಿಗಳಲ್ಲಿ ಮಾತ್ರ ಇರಲಿಲ್ಲ. ದಡಾರದ ಮೊದಲ ಲಸಿಕೆ ಒಂಬತ್ತು ತಿಂಗಳು ತುಂಬಿದ ಮೇಲೆ, ಹನ್ನೆರಡರ ಒಳಗೆ ಕೊಡಬೇಕು. ಅಪ್ಪ ಅಮ್ಮ ತೋಟದ ಕೂಲಿಯವರ ಲೈನ್‌ಮನೆಯಲ್ಲಿ ಇದ್ದುಬಿಟ್ಟು, ಮಗುವಿಗೆ ಒಂದು ವರ್ಷ ದಾಟಿದ ಮೇಲೆ ಊರಿಗೆ ಬಂದರೆ, ತಂತ್ರಾಂಶ ಆ ಮಗುವಿನ ದಡಾರದ ಲಸಿಕೆಯನ್ನೇ ಅಳಿಸಿಹಾಕುತ್ತಿತ್ತು. ಪಟ್ಟಿಯಲ್ಲಿಲ್ಲ, ಬಾಕಿಯಲ್ಲೂ ಇಲ್ಲ, ಒಟ್ಟು ಮಕ್ಕಳ ಲೆಕ್ಕದಲ್ಲೂ ಇಲ್ಲ. ಹಾಗಾಗಿ ನಕ್ಷೆ ಹಸಿರು.

‘ಏಳು ಗಂಟೆ ಬಸ್ಸು ತಪ್ಪಿಸ್ಕೊಂಡೋರನ್ನ ಎಂಟರ ಬಸ್ಸಿಗೆ ಹತ್ತಿಸ್ಕೋಬೇಕು,’ ಎಂದರು ಡಾಕ್ಟರಮ್ಮ. ‘ಇವನು ಸ್ಟಾಪನ್ನೇ ಕಿತ್ತುಹಾಕಿದಾನೆ.’

ಮುಂದಿನ ವಿಡಿಯೊ ಸಭೆಯಲ್ಲಿ ಅದನ್ನು ಎತ್ತಿದರು. ಎಲ್ಲ ತಾಲ್ಲೂಕಿನವರೂ, ಮೇಲಿನವರೂ ಇದ್ದರು. ನಾನು ಪಕ್ಕದಲ್ಲೇ ಕೂತಿದ್ದೆ.

‘ಮೇಡಂ, ವೇಳಾಪಟ್ಟಿ ಸರ್ಕಾರದ್ದು. ಹನ್ನೆರಡು ತಿಂಗಳ ಒಳಗೆ ಅಂತ ಇದೆ. ನಾವು ಅದನ್ನೇ ಬರೆದಿದೀವಿ,’ ಎಂದ ಡೈರೆಕ್ಟರ್.

‘ಒಳಗೆ ಕೊಡಿ ಅಂದ್ರೆ ಆಮೇಲೆ ಕೊಡಬೇಡಿ ಅಂತ ಅಲ್ಲ ಸರ್. ತಪ್ಪಿಹೋದ ಮಗುಗೆ ಐದು ವರ್ಷದ ತನಕ ಕೊಡ್ತೀವಿ. ಆ ಸಾಲೂ ಅದೇ ಸರ್ಕಾರದ ಕೈಪಿಡೀಲೇ ಇದೆ.’

‘ಅವರನ್ನೆಲ್ಲ ಸೇರಿಸಿದ್ರೆ ನಿಮ್ಮ ತಾಲ್ಲೂಕು ಕೆಂಪಾಗುತ್ತೆ. ಅದು ಬೇಕಾ ನಿಮಗೆ?’

‘ಕೆಂಪಿದ್ರೆ ಕೆಂಪೇ ಕಾಣಬೇಕು.’

ಅವನು ನಕ್ಕ. ಮೈಕು ಆರಿಸದೆಯೇ ಪಕ್ಕದವರಿಗೆ ಹೇಳುವ ಹಾಗೆ ಎಲ್ಲರಿಗೂ ಹೇಳಿದ. ‘ಯಾರಾದ್ರೂ ಮೇಡಂಗೆ ಡ್ಯಾಶ್‌ಬೋರ್ಡ್ ಓದೋದು ಹೇಳ್ಕೊಡಿ. ಇದು ರಾಟೆ ತಿರುಗಿಸಿದ ಹಾಗಲ್ಲ.’

ಪರದೆಯ ಚೌಕಗಳಲ್ಲಿ ಕೆಲವರು ನಕ್ಕರು. ಕೆಲವರು ಕೆಳಗೆ ನೋಡಿದರು. ಡಾಕ್ಟರಮ್ಮನ ಕೆನ್ನೆಯನ್ನು ಅವತ್ತು ನನ್ನಿಂದ ನೋಡಲಾಗಲಿಲ್ಲ.

ಆಮೇಲೆ ಅವರು ಬರೆದು ಕಳಿಸಿದರು, ಫೋನು ಮಾಡಿದರು. ‘ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸುತ್ತೇವೆ’ ಎಂಬುದೊಂದೇ ಉತ್ತರ. ನರ್ಸ್‌ಗಳಿಗೆ ಬಾಯಿಮಾತಿನಲ್ಲಿ, ಪಟ್ಟಿಯಲ್ಲಿ ಇಲ್ಲದಿದ್ದರೂ ಲಸಿಕೆ ಹಾಕಿ ಎಂದರು. ಆದರೆ ಪಟ್ಟಿಯ ಆಚೆಗೆ ಲಸಿಕೆ ಹಾಕಿದ್ದಕ್ಕೆ ಪಕ್ಕದ ತಾಲ್ಲೂಕಿನ ನರ್ಸ್ ಒಬ್ಬಳಿಗೆ ನೋಟಿಸು ಬಂದಿತ್ತು. ಎಲ್ಲರಿಗೂ ಹೆದರಿಕೆ.

ಆ ಬೇಸಿಗೆಯಲ್ಲಿ ನದಿಯಾಚೆಯ ಒಂದು ಹಳ್ಳಿಯಲ್ಲಿ ದಡಾರ ಬಂತು. ರತ್ನಮ್ಮ ಎಂಬ ಕೂಲಿ ಹೆಂಗಸಿನ ಮಗಳು ಸಿಂಚನ, ಇನ್ನೂ ಎರಡು ತುಂಬದ ಕೂಸು, ಜ್ವರ ಶ್ವಾಸಕೋಶಕ್ಕೆ ಇಳಿದು, ಮೈಸೂರಿಗೆ ಸಾಗಿಸುವ ದಾರಿಯಲ್ಲೇ ಹೋಯಿತು. ನಾನೂ ಡಾಕ್ಟರಮ್ಮನೂ ಆ ಮನೆಗೆ ಹೋದೆವು. ಆಶಾ ಕಾರ್ಯಕರ್ತೆ ಗೋಡೆಗೊರಗಿ ಅಳುತ್ತಿದ್ದಳು. ರತ್ನಮ್ಮ ಅಳುತ್ತಿರಲಿಲ್ಲ. ಯಾರೋ ಕೇಳಿದ್ದಕ್ಕೆ ಹೇಳುತ್ತಿದ್ದಳು.

‘ಕೊಡಗಿಂದ ಬಂದ್ಮೇಲೆ ಎರಡ್ ಸಲ ಎತ್ಕಂಡೋಗಿವ್ನಿ ಕನವ್ವ. ಎಸ್ರು ಬಂದಿಲ್ಲ, ಬಂದಾಗ ಏಳ್ತೀವಿ ಅಂದ್ರು. ಬತ್ತದೆ ಅನ್ಕಂಡು ಸುಮ್ನಿದ್ದೆ.’

ವಾಪಸ್ ಕಳಿಸಿದ ನರ್ಸ್ ಜೀಪಿನ ಹತ್ತಿರ ಡಾಕ್ಟರಮ್ಮನ ಕಾಲಿಗೆ ಬೀಳಲು ಬಂದಳು. ಡಾಕ್ಟರಮ್ಮ ಅವಳ ರಟ್ಟೆ ಹಿಡಿದು ಎತ್ತಿದರು. ‘ನಿನ್ನ ಪಾಲಿಂದು ನೀನು ಹೊತ್ಕೋ. ಅದನ್ನ ನಾನು ಇಳಿಸಕ್ಕಾಗಲ್ಲ. ಆದ್ರೆ ನಿನ್ನ ಮೇಲೆ ಒಂದು ಅಕ್ಷರ ಬರೆಯಕ್ಕೆ ನಾನು ಯಾರಿಗೂ ಬಿಡಲ್ಲ,’ ಎಂದರು. ಕೆಳಗಿನವರ ಮೇಲೆ ಹಗೆ ತೀರಿಸಿಕೊಳ್ಳುವವರನ್ನು ಅವರು ಹೇಡಿಗಳೆಂದೇ ಕರೆಯುತ್ತಿದ್ದರು. ಅವರ ಹಗೆ ಯಾವಾಗಲೂ ಮೇಲುಮುಖ.

ನರ್ಸ್ ಉಳಿದಳು. ಬಿದ್ದದ್ದು ಡಾಕ್ಟರಮ್ಮನೇ. ತಂತ್ರಾಂಶದ ಪ್ರಕಾರ ಆ ಹಳ್ಳಿಯಲ್ಲಿ ಯಾವ ಲಸಿಕೆಯೂ ಬಾಕಿ ಇರಲಿಲ್ಲ, ಆದ್ದರಿಂದ ತಪ್ಪು ತಾಲ್ಲೂಕಿನ ಮೇಲ್ವಿಚಾರಣೆಯದು ಎಂದು ಸಂಸ್ಥೆಯವರು ಬರೆದುಕೊಟ್ಟರು. ಡೈರೆಕ್ಟರನ ಸಹಿ ಇತ್ತು. ಡಾಕ್ಟರಮ್ಮನನ್ನು ಕೆಲಸವೇ ಇಲ್ಲದ ಒಂದು ಮೂಲೆಯ ಹುದ್ದೆಗೆ ಎತ್ತಿಹಾಕಿದರು. ಹೊರಡುವ ದಿನ ತಮ್ಮ ಕೋಣೆಯ ಗಡಿಯಾರಕ್ಕೆ ಕೀಲಿ ಕೊಟ್ಟು, ನನ್ನನ್ನು ಕರೆದು ಹೇಳಿದರು.

‘ಕೂಸೇ, ನನ್ನನ್ನ ಅಂದಿದ್ದಕ್ಕೆ ಬಿಟ್ಟುಬಿಡ್ತಿದ್ದೆನೋ ಏನೋ. ನಮ್ಮವ್ವನ್ನ ಅಂದ. ಈಗ ಈ ಮಗು. ಇವನನ್ನ ನಾನು ಬಿಡಲ್ಲ. ಭಾನುವಾರ ನಮ್ಮನೆಗೆ ಬಾ.’

ಹೀಗೆ ನಮ್ಮ ಭಾನುವಾರಗಳು ಶುರುವಾದವು. ಅವರ ಮನೆಯ ನಡುಮನೆಯಲ್ಲಿ, ಮರದ ಒಂದು ಸಣ್ಣ ಬುದ್ಧನ ಎದುರು, ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆ. ಅವರು ಹುರಿಗಡಲೆ ಬಟ್ಟಲು ಹಿಡಿದು ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದರು. ‘ತಂತ್ರಾಂಶ ಕೆಟ್ಟದ್ದು ಅಂತ ಬೈದ್ರೆ ಪ್ರಯೋಜನ ಇಲ್ಲ,’ ಎಂದರು ಮೊದಲ ದಿನವೇ. ‘ಹೆಂಗೆ ಬರೀಬೇಕಿತ್ತು ಅಂತ ತೋರಿಸಬೇಕು. ಆಗ್ಲೇ ಅವನಿಗೆ ಎದ್ದು ಹೋಗಕ್ಕೆ ಬಾಗಿಲು ಇರಲ್ಲ.’

ನನಗೆ ಕಂಪ್ಯೂಟರ್ ಕೋಡ್ ಬರೆಯಲು ಬರುತ್ತಿತ್ತು, ಲಸಿಕೆ ಗೊತ್ತಿರಲಿಲ್ಲ. ಅವರಿಗೆ ಲಸಿಕೆ ಗೊತ್ತಿತ್ತು, ಕೋಡ್ ಬರುತ್ತಿರಲಿಲ್ಲ. ನಾನು ಹೇಳಿಕೊಟ್ಟದ್ದನ್ನು ಅವರು ಹಲ್ಲು ಕಚ್ಚಿಕೊಂಡು ಕಲಿತರು, ಎಷ್ಟೋ ಸಲ ತಪ್ಪಿದರು. ಅವರು ಕಲಿಸಿದ್ದು ಇವತ್ತಿಗೂ ನನ್ನ ಅನ್ನ. ಒಂದು ಲಸಿಕೆ ಅಂದರೆ ಕ್ಯಾಲೆಂಡರಿನ ಒಂದು ತಾರೀಖಲ್ಲ ಎಂದರು. ಯಾವ ವಯಸ್ಸಿಗಿಂತ ಮೊದಲು ಕೊಡಬಾರದು, ಹಿಂದಿನ ಡೋಸ್ ನಿಜವಾಗಿ ಬಿದ್ದ ದಿನದಿಂದ ಎಷ್ಟು ಅಂತರ ಬಿಡಬೇಕು, ಯಾವಾಗ ಕೊಟ್ಟರೆ ಒಳ್ಳೆಯದು, ಯಾವಾಗಿನ ತನಕ ಕೊಡಬಹುದು. ಕೊನೆಯ ಎರಡನ್ನು ಬೆರೆಸಿಬಿಟ್ಟದ್ದೇ ಡೈರೆಕ್ಟರ್ ಮಾಡಿದ ತಪ್ಪು. ಒಳ್ಳೆಯ ಕಾಲ ಮುಗಿದ ಕೂಡಲೇ ಬಾಗಿಲು ಹಾಕಿಬಿಟ್ಟಿದ್ದ.

ಆಮೇಲೆ ಅವರು ಮಕ್ಕಳನ್ನು ಹುಟ್ಟಿಸಲು ಶುರುಮಾಡಿದರು. ತಂತ್ರಾಂಶವನ್ನು ಪರೀಕ್ಷಿಸಲು ಕಲ್ಪನೆಯ ಮಕ್ಕಳು ಬೇಕಲ್ಲ. ಒಂದು ಮಗುವಿಗೆ ಮೊದಲ ಡೋಸೇ ತಡವಾಗಿ ಬಿದ್ದಿದೆ, ಎರಡನೆಯದನ್ನು ಯಾವತ್ತು ಕೇಳುತ್ತೆ ನೋಡು. ಒಂದು ಮಗು ಕೊಡಗಿನಲ್ಲೇ ಒಂದು ಡೋಸ್ ಹಾಕಿಸಿಕೊಂಡು ಬಂದಿದೆ. ಅವಳಿ ಹೆಣ್ಣುಮಕ್ಕಳು, ಒಂದೇ ತಾಯಿ, ಒಂದೇ ದಿನ, ಇಬ್ಬರನ್ನೂ ಒಬ್ಬಳೇ ಅಂದುಕೊಂಡುಬಿಡುತ್ತಾ? ಒಂದು ಮಗುವಿನ ಹುಟ್ಟಿದ ದಿನ ತಪ್ಪು ಬರೆದು ಆಮೇಲೆ ತಿದ್ದಿದಾರೆ. ಅವರ ಕಣ್ಣು ಹೊಳೆಯುತ್ತಿತ್ತು. ಬೇಟೆಗೆ ಬಲೆ ಹೆಣೆಯುವವರ ಖುಷಿ ಅದು. ಪ್ರತಿ ಮಗುವಿಗೂ ಏನು ಹೆಸರಿಡಲಿ ಎಂದು ನಾನು ಕೇಳಿದೆ.

‘ಸಿಂಚನ,’ ಎಂದರು.

‘ಮುಂದಿನದಕ್ಕೆ?’

‘ಸಿಂಚನ.’

‘ಮೇಡಂ, ಎಲ್ಲದಕ್ಕೂ ಒಂದೇ ಹೆಸರಾದ್ರೆ...’

‘ನಂಬರು ಬೇರೆ ಬೇರೆ ಕೊಡು. ಹೆಸರು ಅದೇ ಇರಲಿ. ಅವನು ಸರಿಮಾಡಕ್ಕೆ ಕೂತಾಗ ಪ್ರತಿ ಸಾಲಿನಲ್ಲೂ ಅದನ್ನೇ ಓದಬೇಕು.’

ಹಾಗೇ ಟೈಪು ಮಾಡಿದೆ. ಸುಳ್ಳು ಯಾಕೆ, ಸಂತೋಷವಾಗಿಯೇ ಮಾಡಿದೆ. ಆ ಮಗುವಿನ ಮನೆಯ ಹೊಸ್ತಿಲಲ್ಲಿ ನಾನೂ ನಿಂತಿದ್ದೆನಲ್ಲ.

ಅವರು ಆತುರ ಪಡಲಿಲ್ಲ. ಆ ತಂತ್ರಾಂಶವನ್ನು ಇನ್ನಷ್ಟು ಜಿಲ್ಲೆಗಳಿಗೆ ಹರಡುವ ಮುಂಚೆ ಹೊರಗಿನ ತಜ್ಞರ ಸಮಿತಿಯೊಂದು ನೋಡುತ್ತದೆಂದು ಅವರಿಗೆ ಗೊತ್ತಿತ್ತು. ಅದಕ್ಕಾಗಿ ಕಾದರು. ಸಮಿತಿಯ ಸಭೆ ಮೈಸೂರಿನಲ್ಲಿ ಗೊತ್ತಾದಾಗ, ತಾವು ಸಾಕ್ಷಿ ಹೇಳುವುದಿದೆ ಎಂದು ನೇರವಾಗಿ ಬರೆದು ಅವಕಾಶ ಕೇಳಿದರು. ಸಿಕ್ಕಿತು. ನನ್ನನ್ನೂ ಕರೆದುಕೊಂಡು ಹೋದರು.

ಡೈರೆಕ್ಟರ್ ಮೊದಲು ತನ್ನ ಹಸಿರು ನಕ್ಷೆ ತೋರಿಸಿದ. ಆಮೇಲೆ ಡಾಕ್ಟರಮ್ಮ ಎದ್ದುನಿಂತರು, ಭಾಷಣ ಮಾಡಲಿಲ್ಲ. ‘ನಮ್ಮ ಹುಡುಗಿ ಕೆಲವು ಮಕ್ಕಳನ್ನ ಸೇರಿಸ್ತಾಳೆ. ಏನಾಗುತ್ತೆ ನೋಡಿ,’ ಎಂದಷ್ಟೇ ಹೇಳಿದರು. ನಾನು ಒಂದೊಂದಾಗಿ ಸೇರಿಸಿದೆ. ದೊಡ್ಡ ಪರದೆಯ ಮೇಲೆ ಸಿಂಚನ ಬಂದಳು, ವರ್ಷ ದಾಟಿದ ಕೂಡಲೇ ಪಟ್ಟಿಯಿಂದ ಮಾಯವಾದಳು. ಎರಡನೆಯ ಸಿಂಚನಳಿಗೆ ಇವತ್ತು ಒಂದು ಡೋಸ್, ನಾಳೆಯೇ ಮುಂದಿನದು ಕೊಡಿ ಎಂದಿತು. ಅವಳಿ ಸಿಂಚನರಲ್ಲಿ ಒಬ್ಬಳೇ ಉಳಿದಳು.

‘ಇದೇನು ಮೇಡಂ, ಎಲ್ಲ ಮಕ್ಕಳಿಗೂ ಒಂದೇ ಹೆಸರು?’ ಎಂದ ಡೈರೆಕ್ಟರ್. ನಗಲು ನೋಡಿದ.

‘ನೀವು ಸಹಿ ಹಾಕಿದ ಕಾಗದದಲ್ಲಿ ಇತ್ತಲ್ಲ ಸರ್ ಆ ಹೆಸರು,’ ಎಂದರು ಡಾಕ್ಟರಮ್ಮ. ‘ಮರೆತಿರ್ತೀರಿ ಅಂತ ನೆನಪಿಸಿದೆ.’

ಸಮಿತಿ ವಿಸ್ತರಣೆಯನ್ನು ತಡೆಹಿಡಿಯಿತು. ಮಗುವಿನ ಸಾವಿಗೂ ತಂತ್ರಾಂಶಕ್ಕೂ ಇರುವ ನಂಟಿನ ಬಗ್ಗೆ ಡಾಕ್ಟರಮ್ಮ ಲಿಖಿತವಾಗಿ ದೂರು ಕೊಟ್ಟರೆ ವಿಚಾರಣೆ ಮಾಡುತ್ತೇವೆಂದಿತು. ಅವರು ಅಲ್ಲೇ ಕೊಟ್ಟರು.

ಅದಾದ ಕೆಲವು ದಿನಗಳಿಗೆ ಡೈರೆಕ್ಟರ್ ನಂಜನಗೂಡಿನ ಮನೆಗೆ ಬಂದ. ಅವತ್ತು ಭಾನುವಾರವಾದ್ದರಿಂದ ನಾನೂ ಇದ್ದೆ. ಒಬ್ಬನೇ ಬಂದಿದ್ದ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ‘ಮೇಡಂ, ನಾನು ಕೆಟ್ಟವನಲ್ಲ. ಲಸಿಕೆಯ ಲೆಕ್ಕದ ಮಾದರಿ ತಪ್ಪಿತ್ತು, ಒಪ್ತೀನಿ. ಸರಿ ಮಾಡ್ತೀನಿ. ದೂರು ಮಾತ್ರ ವಾಪಸ್ ತಗೊಳ್ಳಿ. ನನ್ನ ಜೀವನವೇ ಹೋಗುತ್ತೆ’ ಎಂದ.

‘ಆ ತಾಯಿ ಮುಂದೆ ಬಂದು ಇದನ್ನೇ ಹೇಳ್ತೀರಾ?’ ಎಂದರು ಡಾಕ್ಟರಮ್ಮ.

‘ಬರ್ತೀನಿ’ ಎಂದ ಅವನು.

ಅವನ ಕಾರಿನಲ್ಲೇ ಹೋದೆವು. ರತ್ನಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಕಂಕುಳಲ್ಲಿ ಹೊಸದೊಂದು ಕೂಸು, ಅದೂ ಹೆಣ್ಣು. ಅವನು ಕೈಮುಗಿದು, ‘ಅಮ್ಮಾ, ನಮ್ಮ ಸಿಸ್ಟಮ್ಮಿನಲ್ಲಿ ಒಂದು ಲೋಪ ಆಗಿತ್ತು’ ಎಂದು ಶುರುಮಾಡಿದ.

‘ಸಿಸ್ಟಮ್ ಅನ್ನಬೇಡಿ,’ ಎಂದರು ಡಾಕ್ಟರಮ್ಮ ಮೆಲ್ಲಗೆ. ‘ಯಾರು ಮಾಡಿದ್ದು ಅಂತ ಹೇಳಿ.’

‘ನಾನು... ನಾನು ಬರೆದದ್ದು ತಪ್ಪಾಗಿತ್ತು. ಅದಕ್ಕೇ ನಿಮ್ಮ ಮಗಳ ಹೆಸರು ಬರಲಿಲ್ಲ.’

ರತ್ನಮ್ಮ ಅವನನ್ನು ದಿಟ್ಟಿಸಿ ನೋಡಿದಳು. ‘ಓ... ಎಸ್ರು ಬರೆಯೋರು ನೀವೇನಾ ಸಾ?’ ಎಂದಳು. ಆಮೇಲೆ ಕಂಕುಳಿನ ಕೂಸನ್ನು ಮುಂದಕ್ಕೆ ತಂದು, ಬಹಳ ಸಂಕೋಚದಿಂದ ಕೇಳಿದಳು, ‘ಇವಳ್ದು ಬರ್ದಿದೀರಾ ಸಾ? ಇವಳೆಸ್ರು ಬತ್ತದಾ?’

ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ರತ್ನಮ್ಮ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಕೊಟ್ಟು, ‘ಓಗ್ಲಿ ಬುಡಿ ಸಾ. ನೀವೇನು ಬೇಕು ಅಂತ ಮಾಡಿದ್ರಾ’ ಎಂದಳು. ಅವಳೇ ಅವನನ್ನು ಸಮಾಧಾನ ಮಾಡಿದಳು. ನಾನು ಡಾಕ್ಟರಮ್ಮನ ಕಡೆ ನೋಡಿದೆ. ಇನ್ನೇನು ಅವರೂ ಕರಗುತ್ತಾರೆ ಎಂದುಕೊಂಡೆ. ಎಡಗೆನ್ನೆ ಎಂದಿಗಿಂತ ಜೋರಾಗಿ ಮಿಡಿಯುತ್ತಿತ್ತು.

ನಂಜನಗೂಡಿನ ಮನೆ ಮುಂದೆ ಕಾರು ನಿಂತಾಗ ಅವನು ಮೆಲುದನಿಯಲ್ಲಿ ಕೇಳಿದ, ‘ದೂರು ವಾಪಸ್ ತಗೋತೀರಲ್ಲ ಮೇಡಂ?’

‘ತಗೋತೀನಿ ಅಂತ ನಾನೆಲ್ಲಿ ಹೇಳ್ದೆ?’ ಎಂದರು ಡಾಕ್ಟರಮ್ಮ. ‘ಬರ್ತೀರಾ ಅಂದೆ. ಬಂದ್ರಿ. ಅದು ನೀವು ಮಾಡಲೇಬೇಕಾಗಿದ್ದ ಕೆಲಸ. ಅದಕ್ಕೆ ನಾನ್ಯಾಕೆ ಬಹುಮಾನ ಕೊಡ್ಲಿ?’

‘ಆ ತಾಯೇ ಕ್ಷಮಿಸಿದ್ರಲ್ಲ...’

‘ಆಕೆ ಕ್ಷಮಿಸಿದ್ದು ಆಕೆ ಮಗು ಲೆಕ್ಕ. ಆಕೆಗೆ ಕ್ಷಮಿಸದೆ ಬೇರೆ ದಾರಿ ಏನಿದೆ? ನಾಳೆ ಇನ್ನೊಂದು ಕೂಸಿನ ಹೆಸರು ಬರಬೇಕಲ್ಲ, ನಿಮ್ಮಂಥೋರ ಕೈಯಿಂದ. ನನಗೆ ಆ ಹೆದರಿಕೆ ಇಲ್ಲ.’

ಗೇಟು ಹಾಕಿಕೊಂಡರು. ಅವನ ಕಾರು ಹಾಗೇ ಬಹಳ ಹೊತ್ತು ನಿಂತಿತ್ತು.

ವಿಚಾರಣೆಯಾಗಿ ಅವನು ಆ ಸಂಸ್ಥೆಯನ್ನು ಬಿಡಬೇಕಾಯಿತು. ಬಿಡುವ ಮುನ್ನ ತಂತ್ರಾಂಶವನ್ನು ತಾನೇ ಕೂತು ತಿದ್ದಿಕೊಡಬೇಕೆಂದು ಸಮಿತಿ ಹೇಳಿತ್ತು. ತಿದ್ದಿದ್ದಕ್ಕೆ ಒಪ್ಪಿಗೆ ಕೊಡುವ ಕೆಲಸವನ್ನು ಡಾಕ್ಟರಮ್ಮನಿಗೇ ವಹಿಸಿತ್ತು. ಅವನು ಕಳಿಸುತ್ತಿದ್ದ, ಇವರು ಇನ್ನೊಂದು ಸಿಂಚನಳನ್ನು ಹುಟ್ಟಿಸಿ ವಾಪಸ್ ಕಳಿಸುತ್ತಿದ್ದರು. ಮುಂಗಾರು ಪೂರ್ತಿ ಅದೇ ನಡೆಯಿತು. ಕೊನೆಗೆ ಒಂದು ಮಗುವೂ ಬಿದ್ದುಹೋಗದ ಹಾಗೆ ಅದು ನಿಂತಿತು. ನಮ್ಮ ತಾಲ್ಲೂಕು ಮೊದಲು ಕೆಂಪಾಗಿ, ಆಮೇಲೆ ನಿಧಾನಕ್ಕೆ, ನಿಜವಾಗಿ ಹಸಿರಾಗತೊಡಗಿತು. ಬಿಟ್ಟುಹೋದ ಮಕ್ಕಳೆಲ್ಲ ಪಟ್ಟಿಗೆ ಮರಳಿ ಬಂದ ದಿನ ನರ್ಸ್‌ಗಳಿಗೆ ಕೂರಲು ಪುರುಸೊತ್ತಿರಲಿಲ್ಲ. ಡಾಕ್ಟರಮ್ಮ ಹೇಳಿದ್ದಿಷ್ಟೇ: ‘ಮುಂಚೆನೇ ಮಾಡಬಹುದಿತ್ತು.’

ಅಷ್ಟಕ್ಕೇ ನಿಲ್ಲಿಸಿದ್ದರೆ ಅವರನ್ನು ಎಲ್ಲರೂ ಹೊಗಳುತ್ತಿದ್ದರು. ನಿಲ್ಲಿಸಲಿಲ್ಲ. ಅವನು ಎಲ್ಲಿ ಕೆಲಸಕ್ಕೆ ಸೇರಿದರೂ ಇವರಿಗೆ ಹೇಗೋ ಗೊತ್ತಾಗುತ್ತಿತ್ತು. ಅಲ್ಲಿಗೆ ಸಿಂಚನರ ಇಡೀ ಗುಂಪನ್ನು ಕಳಿಸುತ್ತಿದ್ದರು, ‘ಇವರು ಬರೆದದ್ದಕ್ಕೆಲ್ಲ ಮೊದಲು ಈ ಮಕ್ಕಳನ್ನು ಹಾಕಿ ನೋಡಿ’ ಎಂಬ ಒಕ್ಕಣೆಯೊಂದಿಗೆ. ಒಂದು ಕಡೆ ಅವನಿಗೆ ಬಡ್ತಿ ತಪ್ಪಿತು. ಇನ್ನೊಂದು ಕಡೆ ಸೇರುವ ಮುಂಚೆಯೇ ಬೇಡವೆಂದರು. ಒಮ್ಮೆ ಅವನ ಹೆಂಡತಿ ಫೋನು ಮಾಡಿ ಅತ್ತಳು. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡು, ‘ನಿಮ್ಮ ಮೇಲೆ ನನಗೇನೂ ಇಲ್ಲಮ್ಮ’ ಎಂದು ಇಟ್ಟರು. ಮುಂದಿನ ಕಾಗದವನ್ನು ನಿಲ್ಲಿಸಲೂ ಇಲ್ಲ.

ನನಗೆ ಅವತ್ತು ತಡೆಯಲಾಗಲಿಲ್ಲ. ಗೂಡಿನಲ್ಲಿದ್ದ ಆ ಮರದ ಬುದ್ಧನನ್ನು ತೋರಿಸಿ ಕೇಳಿಬಿಟ್ಟೆ. ‘ಸಾಕು ಮೇಡಂ. ದಿನಾ ದೀಪ ಹಚ್ತೀರಿ. ಬುದ್ಧ ಇದನ್ನ ಒಪ್ತಾನಾ?’

ಅವರು ಬಟ್ಟಲಿನ ಹುರಿಗಡಲೆಯನ್ನು ಅಂಗೈಗೆ ಸುರಿದುಕೊಂಡು ಯೋಚಿಸಿದರು. ‘ಅವನಿಗೆ ಬಿಟ್ಟು ಬರಕ್ಕೆ ಅರಮನೆ ಇತ್ತು ಕೂಸೇ,’ ಎಂದರು. ‘ನನ್ನ ಹತ್ರ ಇದ್ದದ್ದು ಈ ಕೋಪ ಒಂದೇ. ಶಾಲೇಲಿ ಹಿಂದೆ ಕೂರಿಸಿದಾಗ ಇದೇ ನನ್ನ ಓದಿಸ್ತು. ಹಾಸ್ಟೆಲಲ್ಲಿ ತಟ್ಟೆ ಬೇರೆ ಇಟ್ಟಾಗ ಇದೇ ನನಗೆ ಊಟ ಹಾಕ್ತು. ಇದನ್ನೂ ಬಿಡು ಅಂದ್ರೆ ನಾನು ಏನಾಗಿ ಉಳೀಲಿ?’

ನಾನು ಲ್ಯಾಪ್‌ಟಾಪ್ ಮುಚ್ಚಿ ಬಸ್ಸಿಗೆ ಎದ್ದೆ.

ಅವರು ನಿವೃತ್ತರಾಗುವಷ್ಟರಲ್ಲಿ ನಾನು ಮೈಸೂರಿನಲ್ಲಿ ಇಂಥದೇ ಕೆಲಸ ಮಾಡುವ ಬೇರೊಂದು ಕಡೆ ಸೇರಿದ್ದೆ. ಹೊಸ ಲಸಿಕೆಯೊಂದು ವೇಳಾಪಟ್ಟಿಗೆ ಸೇರಿದಾಗಲೆಲ್ಲ ಫೋನು ಬರುತ್ತಿತ್ತು, ‘ಅಂತರ ಎಷ್ಟು ಬರೆದೆ? ತಡವಾಗಿ ಬಂದೋರಿಗೆ ಏನು ಮಾಡಿದೆ?’ ಎಂದು. ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದಾಗ ರಿಪೋರ್ಟನ್ನು ತಾವೇ ಓದಿಕೊಂಡು, ಡಾಕ್ಟರರಿಗೆ ತಾವೇ ವಿವರಿಸಿ, ದೊಡ್ಡ ಆಸ್ಪತ್ರೆ ಬೇಡವೆಂದು ಮನೆಗೆ ಬಂದರು. ಕೊನೆಯ ಸಲ ನೋಡಲು ಹೋದಾಗ ಮೈ ಅರ್ಧಕ್ಕಿಳಿದಿತ್ತು. ನಮ್ಮಜ್ಜಿ ಹಟ ಹಿಡಿದು ನನ್ನ ಜೊತೆ ಬಂದಿದ್ದರು, ತಾವೇ ಮಾಡಿದ ರಾಗಿ ಗಂಜಿ ತಂದಿದ್ದರು. ಚಮಚದಲ್ಲಿ ಕುಡಿಸಿದರು. ಡಾಕ್ಟರಮ್ಮ ಎರಡು ಗುಟುಕು ಕುಡಿದು, ‘ಉಪ್ಪು ಕಮ್ಮಿ’ ಎಂದರು. ಅಜ್ಜಿ ನಕ್ಕು, ಸೆರಗಿನಲ್ಲಿ ಅವರ ಬಾಯಿ ಒರೆಸಿದರು.

ಬದನವಾಳಿನ ಕಡೆಯ ತಾಯಿಯ ಹೊಲದಲ್ಲೇ ಮಣ್ಣು ಮಾಡಿದೆವು. ಭಿಕ್ಷುಗಳು ಬಂದು ಬುದ್ಧನಿಗೆ ಶರಣೆನ್ನುವ ತಿಸರಣ ಹೇಳಿದರು. ರತ್ನಮ್ಮ ಬಂದಿದ್ದಳು, ಆ ನರ್ಸ್ ಬಂದಿದ್ದಳು. ಸೀರೆ ಎತ್ತಿಕಟ್ಟಿಕೊಂಡು ಉಳುಮೆಯ ಹೆಂಟೆಗಳ ಮೇಲೆ ನಡೆದು ಬಂದ ಹೆಂಗಸರೇ ಹೆಚ್ಚು.

ಎರಡು ದಿನ ಬಿಟ್ಟು ಗೊತ್ತಿಲ್ಲದ ನಂಬರಿನಿಂದ ನನಗೆ ಫೋನು ಬಂತು. ದನಿಯಲ್ಲೇ ಗುರುತಾಯಿತು. ಡೈರೆಕ್ಟರ್. ಈಗ ಎಲ್ಲೋ ಪಾಠ ಹೇಳುತ್ತಾನಂತೆ. ಸುದ್ದಿ ತಿಳಿಯಿತು ಎಂದ. ಪುಣ್ಯಸ್ಮರಣೆ ಯಾವತ್ತು, ಬಂದು ಒಂದು ಹೂವು ಹಾಕಿ ಹೋಗಬಹುದೇ ಎಂದು ಕೇಳಿದ.

‘ಬೇಡ ಸರ್,’ ಎಂದೆ. ‘ಅವರು ನಿಮ್ಮನ್ನ ಕ್ಷಮಿಸಿರಲಿಲ್ಲ.’

‘ಗೊತ್ತು,’ ಎಂದ. ‘ನೀವು?’

‘ನಾನು ಅವರ ಹತ್ತಿರ ಕೆಲಸ ಕಲಿತವಳು ಸರ್,’ ಎಂದು ಹೇಳಿ ಫೋನು ಇಟ್ಟೆ.